ಜನ ಮರುಳೋ ಮೈಕು ಮರುಳೋ

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ‘ಎ ಫೇಸ್ ಇನ್ ದ ಕ್ರೌಡ್’ ಚಿತ್ರದ ಪ್ರದರ್ಶನ ಮುಗಿದ ಮೇಲೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ದೀಪ ಹೊತ್ತಿಕೊಂಡಿದೆ. ಚಿತ್ರದ ನಾಯಕ, ರೇಡಿಯೊ ಮತ್ತು ಟಿವಿಯಿಂದ ಮೇಲೆದ್ದ ಹಾಡುಗಾರ ಲೋನ್ಸಮ್ ರೋಡ್ಸ್, ತನ್ನ ಮಹಡಿಯ ಮೇಲಿಂದ ತನ್ನನ್ನು ಬೆಳಕಿಗೆ ತಂದ ಮಾರ್ಷಿಯಾಳ ಹೆಸರು ಹಿಡಿದು ಕೂಗಿದ ಕೂಗು ಇನ್ನೂ ನಿಮ್ಮ ಕಿವಿಯಲ್ಲಿ ಉಳಿದಿರಬಹುದು. ಈ ಚಿತ್ರ ತೆರೆಗೆ ಬಂದದ್ದು 1957ರ ಮೇ ತಿಂಗಳ ಕೊನೆಯಲ್ಲಿ. ನಿರ್ದೇಶಿಸಿದವರು ಎಲಿಯಾ ಕಜಾನ್. ತಮ್ಮದೇ ಸಣ್ಣಕಥೆಯೊಂದನ್ನು ಹಿಗ್ಗಿಸಿ ಚಿತ್ರಕಥೆ ಬರೆದವರು ಬಡ್ ಶುಲ್‌ಬರ್ಗ್. ಇದೇ ಜೋಡಿ 1954ರಲ್ಲಿ ಮಾಡಿದ ‘ಆನ್ ದ ವಾಟರ್‌ಫ್ರಂಟ್’ ಎಂಟು ಆಸ್ಕರ್‌ಗಳನ್ನು ಬಾಚಿಕೊಂಡಿತ್ತು. ಈ ಚಿತ್ರಕ್ಕೆ ಒಂದು ನಾಮನಿರ್ದೇಶನವೂ ದಕ್ಕಲಿಲ್ಲ, ಗಲ್ಲಾಪೆಟ್ಟಿಗೆಯೂ ತುಂಬಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ, 2008ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಿಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 2015ರ ನಂತರವಂತೂ, ಡೊನಾಲ್ಡ್ ಟ್ರಂಪ್ ಅವರ ಉದಯವನ್ನು ಅರವತ್ತು ವರ್ಷ ಮೊದಲೇ ಕಂಡಿದ್ದ ಚಿತ್ರ ಎಂದು ಇದನ್ನು ಹೊಗಳುವುದು ವಾಡಿಕೆಯಾಗಿಬಿಟ್ಟಿದೆ. ಆ ಹೊಗಳಿಕೆಯಲ್ಲಿ ಅರ್ಧ ಮಾತ್ರ ನಿಜ ಎಂಬುದು ನನ್ನ ತಕರಾರು. ಮಾತಿನಿಂದ ಜನರನ್ನು ಮರುಳುಮಾಡಿ ಬಲ ಗಳಿಸುವವನು ಹೇಗೆ ಹುಟ್ಟುತ್ತಾನೆ ಎಂಬುದನ್ನು ಚಿತ್ರ ಬೆರಗಾಗುವಷ್ಟು ನಿಖರವಾಗಿ ಕಂಡಿದೆ. ಅವನು ಹೇಗೆ ಬೀಳುತ್ತಾನೆ ಎಂಬುದನ್ನು ಮಾತ್ರ ತಪ್ಪಾಗಿ ಕಂಡಿದೆ, ಮತ್ತು ಇವತ್ತು ನಾವು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಆ ತಪ್ಪನ್ನೇ ಎಂದು ನನಗೆ ಅನಿಸುತ್ತದೆ.

ಇಂಥವನನ್ನು ಕರೆಯುವ ‘ಡೆಮಗಾಗ್’ ಎಂಬ ಗ್ರೀಕ್ ಮೂಲದ ಮಾತಿಗೆ ಕನ್ನಡದಲ್ಲಿ ಒಪ್ಪಿತವಾದ ಒಂದೇ ಪದವಿಲ್ಲ. ‘ವಾಚಾಳಿ’ ಎಂದರೆ ಸಾಲದು, ‘ಜನನಾಯಕ’ ಎಂದರೆ ಹೆಚ್ಚಾಯಿತು. ಈ ಮಾತಿನ ಮಟ್ಟಿಗೆ ನಾನು ‘ಜನಮರುಳುಗಾರ’ ಎಂದು ಬಳಸುತ್ತೇನೆ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ನಮ್ಮ ಗಾದೆ ಪ್ರಶ್ನೆಯ ರೂಪದಲ್ಲೇ ನಿಂತಿದೆ, ಉತ್ತರ ಕೊಡುವುದಿಲ್ಲ ಎಂಬುದನ್ನು ಗಮನಿಸಿ. ಜನರು ಜಾತ್ರೆಯನ್ನು ಮರುಳುಮಾಡುತ್ತಾರೋ, ಜಾತ್ರೆ ಜನರನ್ನೋ ಎಂದು ಗಾದೆ ಕೇಳಿ ಸುಮ್ಮನಾಗುತ್ತದೆ. ಕಜಾನ್ ಮತ್ತು ಶುಲ್‌ಬರ್ಗ್ ಆ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಂಬಿದ್ದರು.

ಕಥೆಯನ್ನು ನೀವೀಗ ನೋಡಿದ್ದೀರಿ. ಎರಡು ಮೂರು ಜಾಗಗಳನ್ನು ಮಾತ್ರ ಮತ್ತೆ ನೆನಪಿಸುತ್ತೇನೆ. ಆರ್ಕನ್ಸಾ ರಾಜ್ಯದ ಸಣ್ಣ ಊರೊಂದರ ಜೈಲಿಗೆ ಮಾರ್ಷಿಯಾ ಜೆಫ್ರೀಸ್ ಎಂಬ ರೇಡಿಯೊ ಕಾರ್ಯಕರ್ತೆ ರೆಕಾರ್ಡರ್ ಹಿಡಿದು ಬರುತ್ತಾಳೆ. ಅವಳು ಒಳ್ಳೆಯ ಕಾಲೇಜಿನಲ್ಲಿ ಓದಿದವಳು, ರೇಡಿಯೊ ಕೇಂದ್ರ ಅವಳ ಸೋದರ ಸಂಬಂಧದ ಹಿರಿಯರದು, ಮತ್ತು ‘ಸಾಮಾನ್ಯ ಜನರ ದನಿ’ಯಲ್ಲಿ ಒಂದು ಶುದ್ಧತೆ ಇದೆ ಎಂಬುದು ಅವಳ ನಂಬಿಕೆ. ಕುಡಿದು ಗಲಾಟೆ ಮಾಡಿ ಸಿಕ್ಕಿಬಿದ್ದ ಲ್ಯಾರಿ ರೋಡ್ಸ್ ಗಿಟಾರನ್ನು ಅಪ್ಪಿಕೊಂಡು ಮಲಗಿದ್ದಾನೆ. ಹಾಡು ಎಂದರೆ ಅವನು ಕೇಳುವ ಮೊದಲ ಪ್ರಶ್ನೆ, ಹಾಡಿದರೆ ನನಗೇನು ಸಿಗುತ್ತದೆ ಎಂಬುದು. ಬೆಳಗ್ಗೆ ಬಿಡುಗಡೆ ಎಂಬ ಚೌಕಾಸಿ ಕುದುರಿದ ಮೇಲೆಯೇ ಸ್ವಾತಂತ್ರ್ಯದ ಹಾಡು ಹೊರಡುತ್ತದೆ. ಅವನಿಗೆ ‘ಲೋನ್ಸಮ್’, ಅಂದರೆ ಒಂಟಿ, ಎಂಬ ಅಡ್ಡಹೆಸರು ಇಟ್ಟವಳೂ ಮಾರ್ಷಿಯಾಳೇ. ಚಿತ್ರದ ಮೊದಲ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಹೇಳಿ ಮುಗಿದಿದೆ: ಸಹಜತೆ ಎಂಬುದು ಇಲ್ಲಿ ಒಂದು ಸರಕು, ಅದಕ್ಕೆ ಹೆಸರಿಟ್ಟು ಹೊರಗೆ ತಂದವರು ಓದಿದವರು, ಸರಕಿನ ಬೆಲೆ ಮಾತ್ರ ಸರಕಿಗೇ ಮೊದಲು ಗೊತ್ತಿತ್ತು.

ಅವನ ಶಕ್ತಿಯ ಮೊದಲ ಪರೀಕ್ಷೆ ಒಂದು ತಮಾಷೆ. ಊರಿನ ಶೆರಿಫನಿಗೆ ಮೇಯರ್ ಆಗುವ ಆಸೆ. ನಾಯಿ ಹಿಡಿಯುವ ಕೆಲಸಕ್ಕಾದರೂ ಅವನು ಯೋಗ್ಯನೋ ನೋಡೋಣ, ಬೀದಿನಾಯಿಗಳನ್ನೆಲ್ಲ ಅವನ ಮನೆಗೆ ಒಯ್ಯಿರಿ ಎಂದು ರೋಡ್ಸ್ ರೇಡಿಯೊದಲ್ಲಿ ಹೇಳುತ್ತಾನೆ. ಶೆರಿಫನ ಅಂಗಳ ನಾಯಿಗಳಿಂದ ತುಂಬಿಹೋಗುತ್ತದೆ. ಎಲ್ಲರೂ ನಗುತ್ತಾರೆ, ನಾವೂ ನಗುತ್ತೇವೆ. ಆದರೆ ಕ್ಯಾಮೆರಾ ರೋಡ್ಸ್‌ನ ಮುಖದ ಮೇಲೆ ನಿಂತಾಗ ಅಲ್ಲಿರುವುದು ನಗೆಯಲ್ಲ, ಲೆಕ್ಕಾಚಾರ. ಮೆಂಫಿಸ್‌ಗೆ, ಟಿವಿಗೆ ಹೋದ ಮೇಲೆ ಅವನು ತನ್ನ ಪ್ರಾಯೋಜಕನಾದ ಹಾಸಿಗೆ ಕಂಪನಿಯನ್ನೇ ಗೇಲಿ ಮಾಡುತ್ತಾನೆ. ಕಂಪನಿ ಮುನಿಸಿಕೊಂಡು ಕೈಬಿಟ್ಟರೆ ಅಭಿಮಾನಿಗಳು ಬೀದಿಯಲ್ಲಿ ಹಾಸಿಗೆಗಳಿಗೆ ಬೆಂಕಿ ಹಚ್ಚುತ್ತಾರೆ, ಅದೇ ಹೊತ್ತಿಗೆ ಹಾಸಿಗೆಯ ಮಾರಾಟವೂ ಏರುತ್ತದೆ. ಈ ಎರಡನೆಯ ಸಂಗತಿಯಲ್ಲೇ ಆಧುನಿಕ ರಾಜಕಾರಣದ ಅರ್ಧ ಪಾಠ ಅಡಗಿದೆ. ಒಡೆಯನನ್ನು ಬಯ್ಯುವ ಆಳು ತನ್ನವನೆಂದು ಜನ ನಂಬುತ್ತಾರೆ. ಆ ನಂಬಿಕೆಯಿಂದ ಕೊನೆಗೆ ಲಾಭವಾಗುವುದು ಒಡೆಯನಿಗೇ.

ಇದು ಬರಹಗಾರರ ಬರಿಯ ಕಲ್ಪನೆಯಾಗಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಆರ್ಥರ್ ಗಾಡ್‌ಫ್ರಿ ಎಂಬ ನಿರೂಪಕರಿದ್ದರು. ಮನೆಯ ಹಿರಿಯಣ್ಣನ ಹಾಗೆ ಮೆಲುದನಿಯಲ್ಲಿ ಮಾತಾಡುವುದು, ಪ್ರಾಯೋಜಕರ ಜಾಹೀರಾತಿನ ಒಕ್ಕಣೆಯನ್ನು ಪಕ್ಕಕ್ಕೆಸೆದು ಅವರ ಸರಕನ್ನೇ ಹಾಸ್ಯ ಮಾಡುತ್ತ ಮಾರುವುದು ಅವರ ವಿದ್ಯೆ. 1953ರ ಅಕ್ಟೋಬರ್‌ನಲ್ಲಿ ಅವರು ಜೂಲಿಯಸ್ ಲಾ ರೋಸಾ ಎಂಬ ತಮ್ಮ ತಂಡದ ಗಾಯಕನನ್ನು, ಹಾಡು ಮುಗಿದ ಕೂಡಲೇ, ಕೇಳುಗರ ಎದುರಿನಲ್ಲಿಯೇ ಕೆಲಸದಿಂದ ತೆಗೆದರು. ಆವರೆಗೆ ಅಣ್ಣನಂತಿದ್ದವರೊಳಗಿನ ಇನ್ನೊಬ್ಬ ಮನುಷ್ಯನನ್ನು ದೇಶ ಅಂದು ಕೇಳಿಸಿಕೊಂಡಿತು. ಅದಕ್ಕೂ ಹಿಂದೆ, ರೇಡಿಯೊ ಕಾಲದಲ್ಲಿ, ಟೆಕ್ಸಾಸ್‌ನ ಹಿಟ್ಟಿನ ವ್ಯಾಪಾರಿ ಡಬ್ಲ್ಯು. ಲೀ ಓಡೇನಿಯಲ್ ಹಳ್ಳಿ ಹಾಡಿನ ತಂಡ ಕಟ್ಟಿಕೊಂಡು, ದೇವರು, ತಾಯಿ, ಬಿಸ್ಕತ್ತಿನ ಹಿಟ್ಟು ಮೂರನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತ ಜನಪ್ರಿಯನಾಗಿದ್ದ. ನಾನು ಚುನಾವಣೆಗೆ ನಿಲ್ಲಲೇ ಎಂದು ಅವನು ಕೇಳುಗರನ್ನೇ ಕೇಳಿದ. ಸಾವಿರಾರು ಪತ್ರಗಳು ಬಂದವು. 1938ರಲ್ಲಿ ಗವರ್ನರ್ ಹುದ್ದೆಗೆ ಗೆದ್ದೂಬಿಟ್ಟ. ಮತದಾನದ ತೆರಿಗೆ ಕಟ್ಟಿರದ ಕಾರಣ ತನಗೆ ತಾನೇ ಮತ ಹಾಕಿಕೊಳ್ಳುವ ಹಕ್ಕೂ ಅವನಿಗೆ ಆ ವರ್ಷ ಇರಲಿಲ್ಲ. 1941ರಲ್ಲಿ ಸೆನೆಟ್ ಸ್ಥಾನಕ್ಕೆ ಅವನು ಸೋಲಿಸಿದ್ದು ಮುಂದೆ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರನ್ನು. ಹೀಗಾಗಿ, ಟಿವಿ ರಾಜಕಾರಣವನ್ನು ಕೆಡಿಸಿತು ಎಂಬ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಾಡು, ಹಿಟ್ಟು, ಓಟು ಈ ಮೂರರ ನಂಟು ಟಿವಿಗಿಂತ ಹಳೆಯದು.

ಆದರೂ ಟಿವಿ ಬಂದ ವೇಗವನ್ನು ಮರೆಯಬಾರದು. 1950ರಲ್ಲಿ ಅಮೆರಿಕದ ಹತ್ತು ಮನೆಗಳಲ್ಲಿ ಸುಮಾರು ಒಂದರಲ್ಲಿ ಟಿವಿ ಇತ್ತು. 1960ರ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ. ಈ ಎರಡರ ನಡುವೆ ನಡೆದ ಕೆಲವು ಸಂಗತಿಗಳು ಚಿತ್ರದ ಬೆನ್ನಿಗಿವೆ. 1952ರ ಸೆಪ್ಟೆಂಬರ್‌ನಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ರಿಚರ್ಡ್ ನಿಕ್ಸನ್, ತಮ್ಮ ಮೇಲಿನ ಹಣದ ಆರೋಪಕ್ಕೆ ಟಿವಿಯಲ್ಲಿ ಉತ್ತರ ಕೊಡುತ್ತ ಮಕ್ಕಳಿಗೆ ಉಡುಗೊರೆಯಾಗಿ ಬಂದ ‘ಚೆಕರ್ಸ್’ ಎಂಬ ನಾಯಿಮರಿಯ ಪ್ರಸ್ತಾಪ ತೆಗೆದು ಬಚಾವಾದರು. ಅದೇ ಚುನಾವಣೆಯಲ್ಲಿ ರಾಸರ್ ರೀವ್ಸ್ ಎಂಬ ಜಾಹೀರಾತು ತಜ್ಞ ಜನರಲ್ ಐಸೆನ್‌ಹೋವರ್ ಅವರಿಗಾಗಿ ಪುಟ್ಟ ಪುಟ್ಟ ಜಾಹೀರಾತುಗಳನ್ನು ಮಾಡಿದ. ನೋಡಲು ಅವು ಸಾಮಾನ್ಯ ಪ್ರಜೆ ಪ್ರಶ್ನೆ ಕೇಳಿ ಜನರಲ್ ಉತ್ತರಿಸಿದಂತೆ ಇದ್ದವು. ನಿಜದಲ್ಲಿ ಉತ್ತರಗಳ ಚಿತ್ರೀಕರಣ ಮೊದಲೇ ಮುಗಿದಿತ್ತು. ಪ್ರಶ್ನೆ ಕೇಳುವ ಪ್ರಜೆಗಳನ್ನು ಆಮೇಲೆ ನ್ಯೂಯಾರ್ಕಿಗೆ ಬಂದ ಪ್ರವಾಸಿಗರ ನಡುವಿನಿಂದ ಹುಡುಕಿ ತಂದು ನಿಲ್ಲಿಸಲಾಯಿತು. ಚಿತ್ರದಲ್ಲಿ ಬರುವ ‘ವಿಟಾಜೆಕ್ಸ್’ ಮಾತ್ರೆಯ ಪ್ರಸಂಗ ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಆ ಮಾತ್ರೆಯಲ್ಲಿ ವಿಶೇಷವೇನೂ ಇಲ್ಲವೆಂದು ರಸಾಯನ ತಜ್ಞನೇ ಹೇಳುತ್ತಾನೆ. ಅದಕ್ಕೇನಂತೆ, ಬಣ್ಣ ಹಳದಿ ಮಾಡಿ, ಹಳದಿ ಎಂದರೆ ಸೂರ್ಯ, ಸೂರ್ಯ ಎಂದರೆ ಕಸುವು ಎನ್ನುತ್ತಾನೆ ರೋಡ್ಸ್. ಅಲ್ಲಿಂದ ಮುಂದಿನ ಜಾಹೀರಾತುಗಳ ಆ ಸರಣಿ ಕಜಾನ್ ಅವರ ಅತ್ಯಂತ ಚುರುಕಾದ ಕೆಲಸಗಳಲ್ಲೊಂದು.

ಮಾತ್ರೆಯ ಕಂಪನಿಯ ಒಡೆಯ ಜನರಲ್ ಹೇನ್ಸ್‌ವರ್ತ್. ದೊಡ್ಡ ಜನಸಮೂಹವನ್ನು ಬಲಿಷ್ಠವಾದ ಕೆಲವೇ ಕೈಗಳು ನಡೆಸಬೇಕು, ಅದಕ್ಕೆ ಟಿವಿಗಿಂತ ಒಳ್ಳೆಯ ಸಾಧನವಿಲ್ಲ ಎಂಬುದು ಈ ಮುದುಕನ ಸಿದ್ಧಾಂತ. ಅವನೇ ರೋಡ್ಸ್‌ನ ಕೈಗೆ ಸೆನೆಟರ್ ಫುಲ್ಲರ್‌ನನ್ನು ಒಪ್ಪಿಸುತ್ತಾನೆ. ಫುಲ್ಲರ್ ಗಟ್ಟಿಯಾದ ಸಂಪ್ರದಾಯವಾದಿ, ವೃದ್ಧಾಪ್ಯ ಪಿಂಚಣಿಯಂಥ ಯೋಜನೆಗಳ ವಿರೋಧಿ, ಮತ್ತು ತೆರೆಯ ಮೇಲೆ ಒಣಕಟ್ಟಿಗೆ. ಅವನಿಗೆ ‘ಕರ್ಲಿ’ ಎಂಬ ಅಡ್ಡಹೆಸರು ಕೊಟ್ಟು, ಹಳ್ಳಿ ಅಂಗಡಿಯ ಜಗಲಿಯಂತೆ ಕಟ್ಟಿದ ಸೆಟ್ಟಿನಲ್ಲಿ ಕೂರಿಸಿ, ಕಾಡಿಗೆ ಹೋದ ನಮ್ಮ ಹಿರಿಯರು ಪಿಂಚಣಿ ಕೇಳಿದ್ದರೇ ಎಂಬ ಧಾಟಿಯ ಮಾತಾಡಿಸುವುದು ರೋಡ್ಸ್‌ನ ಕೆಲಸ. ಫುಲ್ಲರ್ ಅಧ್ಯಕ್ಷ ಚುನಾವಣೆ ಗೆದ್ದರೆ ರೋಡ್ಸ್‌ಗೆ ‘ರಾಷ್ಟ್ರೀಯ ಮನೋಬಲ’ದ ಮಂತ್ರಿಗಿರಿ ಎಂಬ ಮಾತಾಗಿದೆ.

ಸಿನಿಮಾ ಮತ್ತು ಅಧಿಕಾರದ ಮಾತು ಬಂದ ಕೂಡಲೇ ನಮ್ಮ ದಕ್ಷಿಣದವರ ಮನಸ್ಸು ಎಂ.ಜಿ.ಆರ್. ಮತ್ತು ಎನ್.ಟಿ.ಆರ್. ಕಡೆಗೆ ಹೊರಳುತ್ತದೆ, ಚಿತ್ರದ ನಡುವೆ ನೀವೂ ಹಾಗೆ ಹೊರಳಿರಬಹುದು. ಆ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ ಎಂದು ನನ್ನ ಎಣಿಕೆ. ಅವರ ಬಲವಿದ್ದದ್ದು ವಹಿಸಿದ ಪಾತ್ರಗಳಲ್ಲಿ. ಕೃಷ್ಣನ ಕಿರೀಟ ತೆಗೆದಿಟ್ಟು ಬಂದ ನಟನನ್ನು ಜನ ನಟನೆಂದು ತಿಳಿದೇ ಒಪ್ಪಿದ್ದರು. ರೋಡ್ಸ್ ಯಾವ ಪಾತ್ರವನ್ನೂ ಮಾಡುವುದಿಲ್ಲ. ಅವನು ‘ತಾನೇ’ ಆಗಿರುತ್ತಾನೆ, ಮತ್ತು ಆ ‘ತಾನು’ ಎಂಬುದೇ ಅವನ ವೇಷ. ರೊನಾಲ್ಡ್ ರೇಗನ್ ಅವರನ್ನು ಕೂಡ ಈ ಬೆಳಕಿನಲ್ಲಿ ನೋಡಿದರೆ, ಅವರನ್ನು ಗೆಲ್ಲಿಸಿದ್ದು ಹಾಲಿವುಡ್ಡಿನ ಪಾತ್ರಗಳಿಗಿಂತ ಹೆಚ್ಚಾಗಿ 1954ರಿಂದ 1962ರವರೆಗೆ ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಿವಿ ಕಾರ್ಯಕ್ರಮವನ್ನು ತಮ್ಮದೇ ಹೆಸರಿನಲ್ಲಿ, ತಮ್ಮದೇ ಮುಖದಲ್ಲಿ ನಡೆಸಿಕೊಟ್ಟದ್ದು ಎನ್ನಬೇಕು. ಪ್ರಾಯೋಜಕನ ಮನೆಯಿಂದ ರಾಜಕಾರಣದ ಅಂಗಳಕ್ಕೆ ಇರುವ ದಾರಿಯನ್ನು ಚಿತ್ರ 1957ರಲ್ಲಿ ತೋರಿಸಿತು. 1966ರಲ್ಲಿ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಹುದ್ದೆ ಗೆದ್ದರು, 1980ರಲ್ಲಿ ಅಧ್ಯಕ್ಷ ಹುದ್ದೆ.

ಟ್ರಂಪ್ ಅವರಿಗೂ ರೋಡ್ಸ್‌ಗೂ ಹೊರನೋಟದ ಹೋಲಿಕೆ ಕಡಿಮೆ. ಒಬ್ಬ ಜೈಲಿನ ನೆಲದಿಂದ ಎದ್ದ ಅಲೆಮಾರಿ. ಇನ್ನೊಬ್ಬರು ನ್ಯೂಯಾರ್ಕಿನ ಕಟ್ಟಡ ವ್ಯಾಪಾರಿಯ ಮಗ. ಹೋಲಿಕೆ ಇರುವುದು ಟಿವಿ ಇಬ್ಬರಿಗೂ ಮಾಡಿದ ಉಪಕಾರದಲ್ಲಿ. 2004ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ‘ದಿ ಅಪ್ರೆಂಟಿಸ್’ ಶುರುವಾದಾಗ ಅವರ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳು ಅದಾಗಲೇ ದಿವಾಳಿತನದ ಕೋರ್ಟು ಕಂಡಿದ್ದವು. ತೆರೆಯ ಮೇಲೆ ಮಾತ್ರ ಅವರು ದೊಡ್ಡ ಮೇಜಿನ ಹಿಂದೆ ಕೂತು, ಯಾರು ಉಳಿಯಬೇಕು ಯಾರು ಹೋಗಬೇಕು ಎಂಬುದನ್ನು ಒಂದೇ ಮಾತಿನಲ್ಲಿ ತೀರ್ಮಾನಿಸುವ ಯಜಮಾನರಾದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ದೇಶ ಅವರನ್ನು ಹಾಗೆ ನೋಡಿತು. 2015ರ ಜೂನ್ 16ರಂದು ಅವರು ಸ್ಪರ್ಧೆ ಘೋಷಿಸಿದಾಗ ಪಕ್ಷದ ಹಿರಿಯರಿಗೆ ಅವರು ಹೊರಗಿನವರಾಗಿದ್ದರು, ವೀಕ್ಷಕರಿಗೆ ಮನೆಯವರಾಗಿದ್ದರು.

ಇಲ್ಲಿಂದ ಚಿತ್ರದ ಕೊನೆಗೆ ಬರೋಣ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲಿ. ಕಾರ್ಯಕ್ರಮ ಮುಗಿದಿದೆ, ಹೆಸರುಗಳು ತೆರೆಯ ಮೇಲೆ ಹರಿಯುತ್ತಿವೆ, ದನಿ ನಿಂತಿದೆ. ರೋಡ್ಸ್ ಕ್ಯಾಮೆರಾಕ್ಕೆ ಕೈಬೀಸಿ ನಗುತ್ತಲೇ ಪಕ್ಕದವರೊಂದಿಗೆ ವೀಕ್ಷಕರನ್ನು ಪೆದ್ದರು, ಪಳಗಿಸಿದ ಪ್ರಾಣಿಗಳು, ಸತ್ತ ಮೀನು ಎಸೆದರೆ ಕುಣಿಯುವವರು ಎಂದು ಹೀಯಾಳಿಸುತ್ತಾನೆ. ಕಂಟ್ರೋಲ್ ರೂಮಿನಲ್ಲಿ ಕೂತ ಮಾರ್ಷಿಯಾ ದನಿಯ ಗುಂಡಿಗಳನ್ನು ಮೇಲಕ್ಕೆ ತಳ್ಳಿ, ಬಿಡಿಸಲು ಬಂದವರ ಕೈಗೂ ಜಗ್ಗದೆ ಹಿಡಿದುಕೊಳ್ಳುತ್ತಾಳೆ. ದೇಶಕ್ಕೆ ದೇಶವೇ ಕೇಳಿಸಿಕೊಳ್ಳುತ್ತದೆ. ರೋಡ್ಸ್ ಲಿಫ್ಟಿನಲ್ಲಿ ಇಳಿಯುತ್ತಿದ್ದರೆ ಮಹಡಿಯ ಅಂಕಿಗಳು ಒಂದೊಂದಾಗಿ ಇಳಿದಂತೆ ಅವನ ಜನಪ್ರಿಯತೆಯೂ ಇಳಿಯುತ್ತದೆ. ನೆಲ ಮುಟ್ಟುವ ಹೊತ್ತಿಗೆ ಅವನ ಕಥೆ ಮುಗಿದಿದೆ. ಸಿನಿಮಾ ಆಗಿ ಇದು ಅದ್ಭುತ. ಆದರೆ ಇದರ ಹಿಂದಿರುವ ನಂಬಿಕೆಯನ್ನು ಬಿಡಿಸಿ ನೋಡಿ: ಮುಖವಾಡದ ಹಿಂದೆ ನಿಜವಾದ ಮುಖವೊಂದಿದೆ, ಅದನ್ನು ಒಮ್ಮೆ ತೋರಿಸಿದರೆ ಸಾಕು, ಜನ ಎಚ್ಚೆತ್ತುಕೊಳ್ಳುತ್ತಾರೆ. 1957ರಲ್ಲಿ ಈ ನಂಬಿಕೆಗೆ ಆಧಾರವೂ ಇತ್ತು. ಮೂರು ವರ್ಷ ಮುಂಚೆ, 1954ರಲ್ಲಿ, ಸೇನೆಯೊಂದಿಗಿನ ಜಟಾಪಟಿಯ ವಿಚಾರಣೆಯ ನೇರ ಪ್ರಸಾರದಲ್ಲಿ, ಕಮ್ಯುನಿಸ್ಟರ ಬೇಟೆಗೆ ಹೆಸರಾಗಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯವರ ನಡವಳಿಕೆಯನ್ನು ವಾರಗಟ್ಟಲೆ ನೋಡಿದ ದೇಶ ಅವರಿಂದ ಮುಖ ತಿರುಗಿಸಿತ್ತು.

ಈಗ 2016ರ ಅಕ್ಟೋಬರ್ 7ಕ್ಕೆ ಬನ್ನಿ. 2005ರಲ್ಲಿ, ಟಿವಿ ಕಾರ್ಯಕ್ರಮವೊಂದಕ್ಕೆ ಹೋಗುವ ಬಸ್ಸಿನಲ್ಲಿ, ಮೈಕು ತೆರೆದಿರುವುದನ್ನು ಮರೆತು ಟ್ರಂಪ್ ಹೆಂಗಸರ ಬಗ್ಗೆ ಆಡಿದ ಹೊಲಸು ಮಾತುಗಳ ಧ್ವನಿಮುದ್ರಿಕೆ ಅಂದು ಬಯಲಾಯಿತು. ಅವರ ಪಕ್ಷದವರೇ ಕೆಲವರು ಕಣದಿಂದ ಹಿಂದೆ ಸರಿಯಿರಿ ಎಂದರು. ಮಾರ್ಷಿಯಾ ಗುಂಡಿ ತಳ್ಳಿದ ಕ್ಷಣವೇ ಇದು ಎಂದು ಚಿತ್ರ ಬಲ್ಲವರೆಲ್ಲ ಅಂದುಕೊಂಡರು. ಒಂದು ತಿಂಗಳ ನಂತರ, ನವೆಂಬರ್ 8ರಂದು, ಒಟ್ಟು ಮತಗಳಲ್ಲಿ ಹಿಂದೆ ಬಿದ್ದರೂ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಲಿಫ್ಟು ಇಳಿಯಲಿಲ್ಲ.

ತೆರೆದ ಮೈಕು ಯಾವಾಗಲೂ ಸೋಲುತ್ತದೆ ಎಂದಲ್ಲ. 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ ದೇಣಿಗೆದಾರರ ಖಾಸಗಿ ಔತಣದಲ್ಲಿ, ದೇಶದ 47 ಶೇಕಡಾ ಜನ ಸರ್ಕಾರವನ್ನೇ ನೆಚ್ಚಿಕೊಂಡವರು, ಅವರ ಗೊಡವೆ ನನ್ನ ಕೆಲಸವಲ್ಲ ಎಂಬರ್ಥದ ಮಾತಾಡಿದ್ದು ಬಯಲಾಗಿ ಅವರಿಗೆ ದೊಡ್ಡ ಪೆಟ್ಟು ಬಿತ್ತು. ವಿಧಿಯ ಕುಹಕವೋ ಏನೋ, ಕೊನೆಗೆ ಅವರಿಗೆ ಬಂದ ಮತಗಳೂ ಸುಮಾರು 47 ಶೇಕಡಾವೇ. ಆ ಮಾತು ರಾಮ್ನಿಯವರನ್ನು ಏಕೆ ಕೆಡವಿತು, 2005ರ ಮಾತು ಟ್ರಂಪ್ ಅವರನ್ನು ಏಕೆ ಕೆಡವಲಿಲ್ಲ? ರಾಮ್ನಿ ಸಭ್ಯತೆಯ ಮುಖ ಹೊತ್ತು ನಿಂತಿದ್ದರು. ಆ ಮುಖಕ್ಕೂ ಮಾತಿಗೂ ನಡುವೆ ಅಂತರವಿತ್ತು, ಆ ಅಂತರವೇ ಅವರನ್ನು ಬೀಳಿಸಿತು. ಟ್ರಂಪ್ ಅವರ ವಿಷಯದಲ್ಲಿ ಅಂಥ ಅಂತರವೇ ಇರಲಿಲ್ಲ. 2016ರ ಜನವರಿಯಲ್ಲಿ ಅಯೋವಾದ ಸಭೆಯೊಂದರಲ್ಲಿ ಅವರು, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ನಡುವೆ ನಿಂತು ನಾನು ಯಾರಿಗಾದರೂ ಗುಂಡು ಹಾರಿಸಿದರೂ ನನ್ನ ಮತದಾರರು ಕೈಬಿಡುವುದಿಲ್ಲ ಎಂದಿದ್ದರು. ರೋಡ್ಸ್ ಇಂಥದ್ದೇ ಮಾತನ್ನು, ಈ ದೇಶವೆಲ್ಲ ನನ್ನ ಕುರಿಮಂದೆ ಎಂಬುದನ್ನು, ಮಾರ್ಷಿಯಾಳ ಬಳಿ ಗುಟ್ಟಾಗಿ ಹೇಳಿಕೊಳ್ಳುತ್ತಾನೆ. ಇವರು ಮೈಕಿನ ಮುಂದೆ, ಮತದಾರರ ಮುಂದೆಯೇ ಹೇಳಿದರು, ಸಭೆ ನಕ್ಕಿತು. ಮುಚ್ಚಿಟ್ಟದ್ದನ್ನು ಬಯಲಿಗೆಳೆಯಬಹುದು, ಮೊದಲೇ ಬಯಲಿನಲ್ಲಿ ಹರವಿ ಇಟ್ಟದ್ದನ್ನು ಎಲ್ಲಿಗೆ ಎಳೆಯುವುದು?

ಇನ್ನೊಂದು ಕಾರಣ ಯಂತ್ರದ ಕಡೆಯದು. 1957ರಲ್ಲಿ ಅಮೆರಿಕಕ್ಕೆ ಮೂರು ಟಿವಿ ಜಾಲಗಳಿದ್ದವು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳಿದರು, ನಾವೆಲ್ಲರೂ ಬೈಸಿಕೊಂಡೆವು ಎಂದು ಒಟ್ಟಿಗೇ ನೊಂದರು. 1949ರಿಂದ ಜಾರಿಯಲ್ಲಿದ್ದ, ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕೆಂಬ ಪ್ರಸಾರ ನಿಯಮವನ್ನು 1987ರಲ್ಲಿ ಕೈಬಿಡಲಾಯಿತು. ಮರುವರ್ಷವೇ ಬಲಪಂಥೀಯ ಮಾತುಗಾರ ರಶ್ ಲಿಂಬಾ ದೇಶವ್ಯಾಪಿ ರೇಡಿಯೊಗೆ ಬಂದರು, 1996ರಲ್ಲಿ ಅದೇ ಒಲವಿನ ಫಾಕ್ಸ್ ನ್ಯೂಸ್ ವಾಹಿನಿ ಬಂತು, ಆಮೇಲಿನದು ನಿಮಗೆ ಗೊತ್ತು. ಈಗ ಒಂದು ತುಣುಕು ಬಯಲಾದರೆ ಅದು ಪ್ರತಿಯೊಬ್ಬರಿಗೂ ಅವರವರ ವಾಹಿನಿಯ ಅರ್ಥವಿವರಣೆಯೊಂದಿಗೇ ತಲುಪುತ್ತದೆ. ಬೈಗುಳ ತಮಗೆ ಬಿದ್ದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಎದುರು ಬೀದಿಯವರಿಗೆ ಬಿದ್ದದ್ದು.

ಆದರೆ ಇವೆರಡಕ್ಕಿಂತ ಆಳದ ಕಾರಣವೊಂದಿದೆ, ಮತ್ತು ಅದಕ್ಕೆ ಸಾಕ್ಷ್ಯ ಒಂದು ನ್ಯಾಯಾಲಯದ ಕಡತದಲ್ಲಿ ಸಿಕ್ಕಿತು. 2020ರ ಚುನಾವಣೆಯಲ್ಲಿ ಮತಯಂತ್ರಗಳು ಮೋಸ ಮಾಡಿದವೆಂಬ ಆರೋಪವನ್ನು ಪ್ರಸಾರ ಮಾಡಿದ್ದಕ್ಕಾಗಿ ಆ ಯಂತ್ರಗಳನ್ನು ತಯಾರಿಸಿದ ಡೊಮಿನಿಯನ್ ಕಂಪನಿ ಫಾಕ್ಸ್ ನ್ಯೂಸ್ ಮೇಲೆ ಮಾನನಷ್ಟದ ದಾವೆ ಹೂಡಿತ್ತು. 2023ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಿರೂಪಕರ ಮತ್ತು ಮೇಲಧಿಕಾರಿಗಳ ಖಾಸಗಿ ಸಂದೇಶಗಳು ಹೊರಬಿದ್ದವು. ಆ ಆರೋಪಗಳನ್ನು ಒಳಗೊಳಗೇ ಅವರಲ್ಲಿ ಅನೇಕರು ನಂಬಿರಲಿಲ್ಲ. ವಾಹಿನಿಯ ಜನಪ್ರಿಯ ನಿರೂಪಕ ಟಕರ್ ಕಾರ್ಲ್‌ಸನ್ ಅವರು 2021ರ ಜನವರಿಯ ಸಂದೇಶವೊಂದರಲ್ಲಿ ಟ್ರಂಪ್ ಅವರನ್ನು ಮನಸಾರೆ ದ್ವೇಷಿಸುತ್ತೇನೆ ಎಂದು ಬರೆದಿದ್ದರು. ಇದಕ್ಕಿಂತ ತೆರೆದ ಮೈಕು ಇನ್ನೇನು ಬೇಕು? ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸಂದೇಶಗಳು ಬಯಲಾದವೆಂದು ಕಾರ್ಲ್‌ಸನ್ ಅವರ ವೀಕ್ಷಕರು ಅವರನ್ನು ಬಿಟ್ಟುಹೋಗಲಿಲ್ಲ. ಕೆಲವು ದಿನಗಳ ನಂತರ ವಾಹಿನಿ ಅವರನ್ನು ತೆಗೆದುಹಾಕಿದಾಗ ಮಾತ್ರ ಆ ರಾತ್ರಿಯ ಹೊತ್ತಿನ ವೀಕ್ಷಕರ ಸಂಖ್ಯೆ ಧಡಕ್ಕನೆ ಕುಸಿಯಿತು.

ಆ ಕಡತದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿರೂಪಕರ ಕಪಟವಲ್ಲ, ಅವರ ಭಯ. ಚುನಾವಣೆಯ ರಾತ್ರಿ ಅರಿಜೋನಾ ರಾಜ್ಯ ಬೈಡನ್ ಅವರದಾಯಿತೆಂದು ಫಾಕ್ಸ್ ಮೊದಲು ಹೇಳಿತ್ತು. ಸಿಟ್ಟಾದ ವೀಕ್ಷಕರು ಇನ್ನೊಂದು ಸಣ್ಣ ವಾಹಿನಿಯ ಕಡೆ ಹೊರಳತೊಡಗಿದರು. ಸಂದೇಶಗಳ ತುಂಬ ಇರುವುದು ಅದರ ಗಾಬರಿ. ರೋಡ್ಸ್ ತನ್ನನ್ನು ಕುರುಬನೆಂದೂ ದೇಶವನ್ನು ಮಂದೆಯೆಂದೂ ತಿಳಿದಿದ್ದ, ಚಿತ್ರವೂ ಹಾಗೆಯೇ ತಿಳಿದಿತ್ತು. ಮಂದೆ ಎತ್ತ ನಡೆಯುತ್ತದೋ ಅತ್ತ ಕೋಲು ಹಿಡಿದು ಓಡುವ ಕುರುಬನನ್ನು ಕಜಾನ್ ಮತ್ತು ಶುಲ್‌ಬರ್ಗ್ ಊಹಿಸಿರಲಿಲ್ಲ. ನಮ್ಮ ಗಾದೆ ಊಹಿಸಿತ್ತು. ಅದಕ್ಕೇ ಅದು ಪ್ರಶ್ನೆಯಾಗಿ ಉಳಿದಿದೆ.

ವಿಟಾಜೆಕ್ಸ್‌ನ ವಂಶ ಬೆಳೆದ ಪರಿಯನ್ನೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಅಲೆಕ್ಸ್ ಜೋನ್ಸ್ ಎಂಬವರು ತಮ್ಮ ಕಾರ್ಯಕ್ರಮದಲ್ಲಿ ಪಿತೂರಿಯ ಕಥೆಗಳನ್ನೂ ಕಸುವಿನ ಪೂರಕ ಮಾತ್ರೆಗಳನ್ನೂ ಒಟ್ಟೊಟ್ಟಿಗೆ ಮಾರಿದರು. 2015ರ ಡಿಸೆಂಬರ್‌ನಲ್ಲಿ ಟ್ರಂಪ್ ಆ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗಿದ್ದರು. 2017ರಲ್ಲಿ ಮಕ್ಕಳ ಪಾಲನೆಯ ಹಕ್ಕಿನ ಮೊಕದ್ದಮೆಯಲ್ಲಿ ಜೋನ್ಸ್ ಅವರ ವಕೀಲರೇ, ಇವರು ಪಾತ್ರ ವಹಿಸುವ ಕಲಾವಿದರು ಎಂದು ವಾದಿಸಿದರು. ಶ್ರೋತೃಗಳು ಕದಲಲಿಲ್ಲ. ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳು ಕೊಲೆಯಾದದ್ದೇ ಸುಳ್ಳು ಎಂದ ಅವರ ಮೇಲೆ 2022ರಲ್ಲಿ ನ್ಯಾಯಾಲಯಗಳು ವಿಧಿಸಿದ ಪರಿಹಾರ ಒಟ್ಟು ನೂರ ನಲವತ್ತು ಕೋಟಿ ಡಾಲರಿಗೂ ಹೆಚ್ಚು. ಚಿತ್ರದ ಹಳದಿ ಮಾತ್ರೆಯಿಂದ ಯಾರಿಗೂ ಗಾಯವಾಗಿರಲಿಲ್ಲ.

ಹಾಗಾದರೆ ಚಿತ್ರ ಇಂದಿಗೂ ಸರಿಯಾಗಿ ಕಂಡದ್ದು ಯಾರನ್ನು? ಮಾರ್ಷಿಯಾಳನ್ನು ಎಂದು ನಾನು ಹೇಳುತ್ತೇನೆ. ಪೆಟ್ರೀಷಿಯಾ ನೀಲ್ ಅವರ ಮುಖದಲ್ಲಿ ಮೋಹ, ಲಾಭ, ಅಸಹ್ಯ ಮೂರೂ ಒಂದರ ಮೇಲೊಂದು ಹಾಯುವುದನ್ನು ನೋಡಿ. ಅವಳಿಗೆ ಬಹಳ ಮೊದಲೇ ಗೊತ್ತಿದೆ. ಕಾರ್ಯಕ್ರಮದಲ್ಲಿ ತನಗೂ ಪಾಲು ಬೇಕೆಂದು ಅವಳು ಕೇಳಿದ್ದೂ ಉಂಟು. ವಾಲ್ಟರ್ ಮ್ಯಾಥೌ ಅಭಿನಯಿಸಿದ ಮೆಲ್ ಮಿಲ್ಲರ್ ಎಂಬ ಲೇಖಕನ ಕಥೆಯೂ ಅಷ್ಟೇ. ರೋಡ್ಸ್‌ನ ಬಗ್ಗೆ ಅವನು ಪುಸ್ತಕ ಬರೆಯುವುದು ಅವನ ಸಂಬಳ ಉಂಡು ಮುಗಿಸಿದ ಮೇಲೆ. 2016ರ ಫೆಬ್ರವರಿಯಲ್ಲಿ ಸಿಬಿಎಸ್ ವಾಹಿನಿಯ ಮುಖ್ಯಸ್ಥ ಲೆಸ್ ಮೂನ್ವೆಸ್, ಈ ಚುನಾವಣೆಯ ಗದ್ದಲ ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಸಿಬಿಎಸ್‌ಗಂತೂ ಬಹಳ ಒಳ್ಳೆಯದು ಎಂಬರ್ಥದಲ್ಲಿ ಹೂಡಿಕೆದಾರರ ಸಭೆಯಲ್ಲಿ ಹೇಳಿದ ಮಾತನ್ನು ಕೇಳಿದಾಗ ನನಗೆ ರೋಡ್ಸ್ ನೆನಪಾಗಲಿಲ್ಲ, ಈ ಇಬ್ಬರು ನೆನಪಾದರು.

ಮಾರ್ಷಿಯಾಳ ಕೈಯಲ್ಲಿ ಕಜಾನ್ ಅವರ ಕೈಯೂ ಇದೆ ಎಂಬುದನ್ನು ಬಿಟ್ಟು ಮುಂದೆ ಹೋಗಲಾರೆ. 1951ರಲ್ಲಿ ಶುಲ್‌ಬರ್ಗ್, 1952ರಲ್ಲಿ ಕಜಾನ್, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ತಮ್ಮ ಹಳೆಯ ಕಮ್ಯುನಿಸ್ಟ್ ಗೆಳೆಯರ ಹೆಸರುಗಳನ್ನು ಹೇಳಿದ್ದರು. ಆಪ್ತನ ಗುಟ್ಟನ್ನು ಲೋಕದ ಮುಂದಿಡುವುದು ದ್ರೋಹವೋ ಕರ್ತವ್ಯವೋ ಎಂಬ ಪ್ರಶ್ನೆ ಇವರಿಬ್ಬರನ್ನೂ ಬಿಡಲಿಲ್ಲ. ‘ಆನ್ ದ ವಾಟರ್‌ಫ್ರಂಟ್’ನ ನಾಯಕ ಸಾಕ್ಷಿ ಹೇಳುತ್ತಾನೆ, ಇಲ್ಲಿ ಮಾರ್ಷಿಯಾ ಮೈಕು ತೆರೆಯುತ್ತಾಳೆ. ಬಯಲುಮಾಡುವ ಕೆಲಸ ಫಲಿಸಲೇಬೇಕು ಎಂಬ ಹಟ ಚಿತ್ರದಲ್ಲಿ ಅಷ್ಟು ಬಲವಾಗಿರುವುದಕ್ಕೆ ಇದೂ ಕಾರಣವಿರಬಹುದು ಎಂಬುದು ನನ್ನ ಓದು, ನೀವು ಒಪ್ಪಬೇಕಾಗಿಲ್ಲ. 1999ರಲ್ಲಿ ಕಜಾನ್ ಅವರಿಗೆ ಗೌರವ ಆಸ್ಕರ್ ಕೊಟ್ಟಾಗ ಸಭೆಯಲ್ಲಿ ಕೆಲವರು ಎದ್ದು ನಿಂತರು, ಕೆಲವರು ಕೈ ಕಟ್ಟಿ ಕೂತರು.

ಚಿತ್ರದ ಮೇಲೆ ನನಗಿರುವ ದೊಡ್ಡ ದೂರು ಇನ್ನೊಂದು. ಜನ ರೋಡ್ಸ್‌ನನ್ನು ಏಕೆ ಪ್ರೀತಿಸಿದರು ಎಂಬುದಕ್ಕೆ ಅದು ಹೆಚ್ಚು ಹೊತ್ತು ಕೊಡುವುದಿಲ್ಲ. ಮೊದಮೊದಲು ಅವನು ಮನೆಗೆಲಸದಲ್ಲಿ ಸವೆದ ಹೆಂಗಸರ ದಣಿವಿನ ಬಗ್ಗೆ ರೇಡಿಯೊದಲ್ಲಿ ಮಾತಾಡುತ್ತಾನೆ, ಅದನ್ನು ಕೇಳಿದ ಹೆಂಗಸರು ಕೈಯ ಕೆಲಸ ನಿಲ್ಲಿಸುತ್ತಾರೆ. ಮೆಂಫಿಸ್‌ನಲ್ಲಿ ಮನೆ ಸುಟ್ಟುಹೋದ ಕರಿಯ ತಾಯಿಯೊಬ್ಬಳನ್ನು ಕ್ಯಾಮೆರಾದ ಮುಂದೆ ಕರೆತಂದು ಅವಳಿಗಾಗಿ ಚಿಲ್ಲರೆ ಕಾಸು ಕೇಳುತ್ತಾನೆ. 1950ರ ದಶಕದ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ. ಅಲ್ಲಿ ಸುಳ್ಳಿಲ್ಲದ ಏನೋ ಇದೆ. ಚಿತ್ರದ ಎರಡನೆಯ ಅರ್ಧ ಆ ಕೇಳುಗರನ್ನು ಮರೆತು, ಅವರನ್ನು ಬರಿಯ ಚಪ್ಪಾಳೆಯ ಸದ್ದಾಗಿ ಮಾಡಿಬಿಡುತ್ತದೆ. ರೋಡ್ಸ್ ಜನರನ್ನು ಕೀಳಾಗಿ ಕಂಡ ಎಂದು ದೂರುವ ಚಿತ್ರಕ್ಕೂ ಅದೇ ಜನರ ಮೇಲೆ ಅಂಥ ಗೌರವವೇನೂ ಇಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಯ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೀನಾಯರ ಬುಟ್ಟಿಗೆ ಹಾಕಿದಾಗ ಆ ಬೆಂಬಲಿಗರು ಅದೇ ಪದವನ್ನು ಅಂಗಿಯ ಮೇಲೆ ಅಚ್ಚುಹಾಕಿಸಿಕೊಂಡು ತಿರುಗಿದರು. ತಮ್ಮನ್ನು ಹೀಯಾಳಿಸುವವರು ತಮ್ಮ ನಾಯಕನನ್ನೂ ಹೀಯಾಳಿಸುತ್ತಾರೆ ಎಂಬುದು ಅವರಿಗೆ ನಾಯಕನೊಂದಿಗಿನ ರಕ್ತಸಂಬಂಧದಂತೆ ಕಂಡಿತು. ಈ ನಂಟಿನ ಬಗ್ಗೆ ಚಿತ್ರಕ್ಕೆ ಏನೂ ಗೊತ್ತಿಲ್ಲ.

ಕೊನೆಯ ದೃಶ್ಯದಲ್ಲಿ ಮೆಲ್ ಮಿಲ್ಲರ್ ರೋಡ್ಸ್‌ಗೆ ಭವಿಷ್ಯ ಹೇಳುತ್ತಾನೆ: ಸ್ವಲ್ಪ ಕಾಲ ಕಳೆದ ಮೇಲೆ ನೀನು ಮತ್ತೆ ತೆರೆಗೆ ಬರುತ್ತೀಯ, ಆದರೆ ಮೊದಲಿನಂತೆ ಅಲ್ಲ, ದಿನ ಹೋದಂತೆ ಜನ ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ. 2021ರ ಜನವರಿ 8ರಂದು ಟ್ವಿಟರ್ ಟ್ರಂಪ್ ಅವರ ಖಾತೆಯನ್ನು ಮುಚ್ಚಿದಾಗ ಮೆಲ್‌ನ ಮಾತು ನಿಜವಾಯಿತೆಂದು ಬರೆದವರಿದ್ದರು. 2024ರ ನವೆಂಬರ್‌ನಲ್ಲಿ ಅವರು ಮತ್ತೆ ಗೆದ್ದರು, ಈ ಸಲ ಒಟ್ಟು ಮತಗಳಲ್ಲೂ ಮುಂದಿದ್ದರು.

ರೋಡ್ಸ್ ಆಗಿ ನಟಿಸಿದ ಆಂಡಿ ಗ್ರಿಫಿತ್ ಅವರಿಗೆ ಇದು ಮೊದಲ ಚಿತ್ರ. ಇಷ್ಟು ಕ್ರೂರವಾದ ಪಾತ್ರವನ್ನು ಅವರು ಮತ್ತೆ ಹೆಚ್ಚಾಗಿ ಮಾಡಲಿಲ್ಲ. 1960ರಿಂದ 1968ರವರೆಗೆ ಅವರು ಟಿವಿಯಲ್ಲಿ ಮೇಬೆರಿ ಎಂಬ ಕಲ್ಪಿತ ಊರಿನ ಶೆರಿಫ್ ಆದರು: ಬಂದೂಕು ಹಿಡಿಯದ, ಗಿಟಾರ್ ನುಡಿಸುವ, ಊರಿಗೆಲ್ಲ ಬುದ್ಧಿ ಹೇಳುವ ಒಳ್ಳೆಯ ಮನುಷ್ಯ. ಅದೇ ಹಳ್ಳಿಯ ರಾಗ, ಅದೇ ಅಗಲ ನಗೆ. ಅಮೆರಿಕ ಅವರನ್ನು ಜೀವಮಾನವಿಡೀ ನಂಬಿತು. 2010ರಲ್ಲಿ ಹೊಸ ಆರೋಗ್ಯ ಕಾನೂನಿನಿಂದ ಹಿರಿಯರಿಗೆ ಒಳಿತಾಗುತ್ತದೆ ಎಂದು ಹೇಳಲು ಒಬಾಮಾ ಸರ್ಕಾರ ಟಿವಿ ಜಾಹೀರಾತು ಮಾಡಿಸಿತು; ವಿರೋಧ ಪಕ್ಷದ ಸೆನೆಟರುಗಳು ಇದು ಸರ್ಕಾರಿ ಹಣದ ಪ್ರಚಾರವೆಂದು ಆಕ್ಷೇಪಿಸಿದರು. ಆ ಜಾಹೀರಾತಿನಲ್ಲಿ ಕ್ಯಾಮೆರಾ ನೋಡಿ ನಗುತ್ತಿದ್ದ ಮುದುಕ ಆಂಡಿ ಗ್ರಿಫಿತ್. ಐವತ್ಮೂರು ವರ್ಷ ಮೊದಲು ವಿಟಾಜೆಕ್ಸ್ ಮಾರಿದ್ದೂ ಇದೇ ಮುಖ.